ನಾಣೇಘಾಟ್ ಎರಡು ದಿನದ ನಡಿಗೆ: ದಾರಿಗೆ ಐದಕ್ಕೆ ಐದು, ರಸೀದಿಗೆ ಸೊನ್ನೆ

ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರ್‌ನಲ್ಲಿ ಕೂತವನು ನಾನು. ನಿವೃತ್ತಿಯಾಗಿ ಮೂರು ವರ್ಷವಾದರೂ ಚಿಲ್ಲರೆ ಕೈಗೆ ಬಂದರೆ ಬೆರಳು ತಾನಾಗಿಯೇ ಎಣಿಸುತ್ತದೆ. ಹೀಗಿರುವಾಗ ಕಲಬುರಗಿಯ ನನ್ನ ಗೆಳೆಯರೊಬ್ಬರು, ಇತಿಹಾಸದ ಮೇಷ್ಟ್ರು, ಒಂದು ದಿನ ಚಹಾ ಕುಡಿಯುತ್ತ ಹೇಳಿದರು: 'ಮಹಾರಾಷ್ಟ್ರದಲ್ಲಿ ನಾಣೇಘಾಟ್ ಅಂತ ಒಂದು ಘಟ್ಟ ಇದೆ. ನಾಣೆ ಅಂದರೆ ನಾಣ್ಯ. ಎರಡು ಸಾವಿರ ವರ್ಷದ ಹಿಂದಿನ ವ್ಯಾಪಾರದ ದಾರಿ. ಅಲ್ಲಿನ ಗುಹೆಯ ಗೋಡೆ ಮೇಲೆ ಒಬ್ಬ ರಾಣಿ ಲೆಕ್ಕ ಬರೆಸಿಟ್ಟಿದ್ದಾಳೆ. ನೀವು ನೋಡಲೇಬೇಕು.' ಲೆಕ್ಕ ಅಂದ ಮೇಲೆ ನಾನು ಬಿಡುತ್ತೇನೆಯೇ?

ಅದೇ ವಾರ ಫೋನಿನಲ್ಲಿ ಹುಡುಕಿ, ಈ ದಾರಿಯಲ್ಲಿ ಎರಡು ದಿನ ನಡೆಸುವ ಒಂದು ತಂಡದಲ್ಲಿ ನನಗೂ ಮನೆಯವರಿಗೂ ಬುಕ್ ಮಾಡಿದೆ. ತಲೆಗೆ 3,200 ರೂಪಾಯಿ. ಮುಂಬೈ ಹತ್ತಿರದ ಕಲ್ಯಾಣದಿಂದ ಮತ್ತೆ ಕಲ್ಯಾಣಕ್ಕೆ, ಊಟ, ಒಂದು ರಾತ್ರಿ ಹಳ್ಳಿ ಮನೆಯಲ್ಲಿ ವಸತಿ, ಗೈಡ್ ಎಲ್ಲ ಸೇರಿ. ತಂಡದ ಹೆಸರು ಹೇಳುವುದಿಲ್ಲ. ಹೊಗಳುವುದೂ ಇದೆ, ತೆಗಳುವುದೂ ಇದೆ, ಸುಮ್ನೆ ಜಗಳ ಬೇಡ. ಆದರೆ ಇಂಥ ತಂಡಗಳು ಈಗ ಹತ್ತಾರಿವೆ. ನಾನು ಬರೆದದ್ದು ನೀವು ಯಾರ ಜೊತೆ ಹೋದರೂ ಉಪಯೋಗಕ್ಕೆ ಬರಬಹುದು.

ಹೋಗಿದ್ದು ಡಿಸೆಂಬರ್‌ನಲ್ಲಿ. ಅವರ ಜಾಹೀರಾತಿನಲ್ಲಿದ್ದದ್ದು ಮಳೆಗಾಲದ ಫೋಟೊ. ಕೆಳಗೆ ಬೀಳುವ ನೀರನ್ನು ಗಾಳಿ ಹಿಡಿದು ಮೇಲಕ್ಕೆ ಎರಚುವ 'ಉಲ್ಟಾ ಜಲಪಾತ'. ಡಿಸೆಂಬರ್‌ನಲ್ಲಿ ಅಲ್ಲಿ ಒಂದು ಹನಿಯೂ ಇರುವುದಿಲ್ಲ. ನಮ್ಮ ಜೊತೆ ಬಂದಿದ್ದ ನಾಲ್ಕು ಹುಡುಗರು ಅದಕ್ಕೇ ಬಂದವರು, ಪಾಪ. ಬಣ್ಣದ ಹಾಳೆಯಲ್ಲಿ ತಿಂಗಳು ಹಾಕದೆ ಫೋಟೊ ಹಾಕುವುದು ನನ್ನ ಲೆಕ್ಕದಲ್ಲಿ ಅರ್ಧ ಸುಳ್ಳು. ನನಗೇನೂ ನಷ್ಟವಿಲ್ಲ ಬಿಡಿ. ಮಳೆಗಾಲದಲ್ಲಿ ಮೇಲೆ ಕಾಲಿಡಲು ಜಾಗ ಇರುವುದಿಲ್ಲವಂತೆ, ಅಷ್ಟು ಜನ. ನಮಗೆ ದಾರಿ ಪೂರ್ತಿ ಖಾಲಿ ಸಿಕ್ಕಿತು.

ಬೆಳಿಗ್ಗೆ ಆರೂವರೆಗೆ ಕಲ್ಯಾಣದಲ್ಲಿ ಟೆಂಪೊ ಹತ್ತಬೇಕು ಅಂದಿದ್ದರು. ಏಳೂಕಾಲಿಗೆ ಬಂತು. ಮುರಬಾಡ, ಟೋಕಾವಡೆ ದಾಟಿ ವೈಶಾಖರೆ ಅನ್ನುವ ಹಳ್ಳಿಯ ಹತ್ತಿರ ಇಳಿಸಿದರು. ಇದೇ ಹೆದ್ದಾರಿ ಮುಂದೆ ಮಾಳಶೇಜ್ ಘಾಟ್ ಹತ್ತಿ ಹೋಗುತ್ತದೆ. ಈಗಿನ ಲಾರಿ, ಬಸ್ಸು ಎಲ್ಲ ಅಲ್ಲಿಂದಲೇ. ಹಳೆಯ ದಾರಿ ಮಾತ್ರ ಇಲ್ಲಿ ರಸ್ತೆ ಬಿಟ್ಟು ಕಾಡಿಗೆ ಇಳಿಯುತ್ತದೆ. ತಲೆ ಎತ್ತಿದರೆ ಎದುರಿಗೆ ಸಹ್ಯಾದ್ರಿ, ನೆಟ್ಟಗೆ ಎದ್ದ ಕರಿಕಲ್ಲಿನ ಗೋಡೆ. ಆ ಗೋಡೆಯ ಅಂಚಿನಲ್ಲಿ ಒಂದು ಬಂಡೆ ಹೆಬ್ಬೆರಳಿನ ಹಾಗೆ ಎದ್ದು ನಿಂತಿದೆ. ನಾನಾಚಾ ಅಂಗಠಾ ಅನ್ನುತ್ತಾರೆ. ಅದರ ಪಕ್ಕದ ಸೀಳಿನಲ್ಲಿ ನಾವು ಹತ್ತಿ ಹೋಗಬೇಕು.

ಕೊಂಕಣದ ಬಂದರಿಗೂ ದಖ್ಖನ್ನಿನ ಊರುಗಳಿಗೂ ನಡುವೆ ಇರುವ ಈ ಗೋಡೆಯಲ್ಲಿ ಹೇರು ಹೊತ್ತ ದನ ಹತ್ತಬಹುದಾದ ಜಾಗಗಳು ಬೆರಳೆಣಿಕೆಯಷ್ಟು. ಅದಕ್ಕೇ ಈ ಸೀಳಿಗೆ ಅಷ್ಟು ಬೆಲೆ. ಕೆಳಗೆ ಕಲ್ಯಾಣ, ಸೋಪಾರ ಬಂದರು. ಮೇಲೆ ಜುನ್ನರ್, ಅದರಾಚೆ ಪೈಠಣ, ತೇರ್. ಪೈಠಣ ಅಂದರೆ ಆಗ ದಖ್ಖನ್ ಆಳಿದ ಸಾತವಾಹನರ ರಾಜಧಾನಿ, ಪ್ರತಿಷ್ಠಾನ ಅನ್ನುವ ಊರು.

ನಮ್ಮ ಗೈಡ್ ಬಗ್ಗೆ ಹೇಳಬೇಕು. ತಂಡದ ಕಡೆಯಿಂದ ಇಬ್ಬರು ಹುಡುಗರು ಬಂದಿದ್ದರು. ಒಬ್ಬೊಬ್ಬರ ಸೊಂಟಕ್ಕೂ ಹಗ್ಗ, ಕೊಕ್ಕೆ, ಸೀಟಿ. ಆದರೆ ದಾರಿ ತೋರಿಸಿದ್ದು ಮೇಲಿನ ಘಾಟ್‌ಘರ್ ಹಳ್ಳಿಯ ಒಬ್ಬ ಹಿರಿಯರು. ಎಲ್ಲರೂ ಕಾಕಾ ಅನ್ನುತ್ತಿದ್ದರು, ನಾವೂ ಕಾಕಾ ಅಂದೆವು. ಕಾಲಲ್ಲಿ ಸವೆದ ರಬ್ಬರ್ ಚಪ್ಪಲಿ, ತಲೆಗೆ ಬಿಳಿ ಟೋಪಿ. ನಮ್ಮ ಕಡೆಯವರಿಗೆ ಒಡಕು ಮರಾಠಿ ಬರುತ್ತದಲ್ಲ, ನನ್ನ ಕೆಲಸ ನಡೆಯಿತು.

ತಂಡದ ಹುಡುಗರು 'ಟ್ರೆಕ್, ಟ್ರೆಕ್' ಅನ್ನುತ್ತಿದ್ದರು. ಕಾಕಾ ಒಮ್ಮೆಯೂ ಆ ಮಾತು ಆಡಲಿಲ್ಲ. ಅವರ ಬಾಯಲ್ಲಿ ಅದು 'ರಸ್ತಾ'. ತಮ್ಮ ಅಜ್ಜ ಕೆಳಗಿನ ಸಂತೆಗೆ ಹೋಗಿ ಬರುತ್ತಿದ್ದದ್ದು ಇದೇ ರಸ್ತಾದಲ್ಲಿ ಅಂದರು. ಅರ್ಧ ದಾರಿಯ ಮೇಲೆ ಕಲ್ಲು ಹಾಸಿದ ಜಾಗ ಶುರುವಾಗುತ್ತದೆ. ಅಲ್ಲಿ ನನ್ನನ್ನು ನಿಲ್ಲಿಸಿ ಮೆಟ್ಟಿಲು ತೋರಿಸಿದರು. ಒಂದೊಂದು ಮೆಟ್ಟಿಲೂ ಅಗಲ, ಎತ್ತರ ಕಡಿಮೆ. 'ಇದು ಮನುಷ್ಯರ ಅಳತೆ ಅಲ್ಲ, ಎತ್ತಿನ ಅಳತೆ' ಅಂದರು. ಬೆನ್ನ ಮೇಲೆ ಹೇರು ಇಟ್ಟುಕೊಂಡ ಎತ್ತು ಮೊಣಕಾಲು ಜಾಸ್ತಿ ಎತ್ತಲಾರದು ಅಲ್ವಾ? ಕೆಲವು ಕಲ್ಲುಗಳ ನಡು ಸವೆದು ತಟ್ಟೆಯ ಹಾಗೆ ತಗ್ಗಾಗಿತ್ತು. ಮನೆಯವರು ಆ ತಗ್ಗಿನಲ್ಲಿ ಕಾಲಿಟ್ಟು, 'ನಮ್ಮ ಹಳೇ ಮನಿ ಹೊಸ್ತಿಲ ಇದ್ದಂಗದ ನೋಡ್ರಿ' ಅಂದರು.

ಮೂರು ತಾಸಿನ ಏರು ಅಂದಿದ್ದರು. ನಮಗೆ ನಾಲ್ಕು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ, ಮುಖ ಸಿಂಡರಿಸಲಿಲ್ಲ. ಇದಕ್ಕೆ ಪೂರ್ತಿ ಅಂಕ. ಅರವತ್ತು ದಾಟಿದವರು ಹೋಗಬಹುದಾ ಅಂತ ಕೇಳುವವರಿಗೆ: ಮೊಣಕಾಲು ಸರಿ ಇದ್ದರೆ ಧಾರಾಳವಾಗಿ ಹೋಗಬಹುದು. ಕೋಲು ಮಾತ್ರ ಬೇಕು.

ಒಂದು ಕಿರಿಕಿರಿ. ಹುಡುಗರಲ್ಲೊಬ್ಬ ಸ್ಪೀಕರ್ ಹಾಕಿ ಹಾಡು ಹಚ್ಚಿದ. ತಂಡದವರು ಸುಮ್ಮನಿದ್ದರು. ಕಾಕಾ ಮಾತ್ರ ಹಿಂದಿರುಗಿ, ಮೇಲೆ ಬಂಡೆಯಲ್ಲಿ ಜೇನಿದೆ, ಸದ್ದಿಗೆ ಎದ್ದರೆ ನನ್ನನ್ನು ಕೇಳಬೇಡಿ ಅಂದರು. ಹಾಡು ನಿಂತಿತು. ಜೇನು ಇತ್ತೋ ಇಲ್ಲವೋ ನನಗೆ ಕಾಣಲಿಲ್ಲ.

ಇನ್ನು ಗುಹೆ. ನಾನು ಬಂದದ್ದೇ ಇದಕ್ಕೆ.

ಘಾಟಿನ ತುದಿಗೆ ಸ್ವಲ್ಪ ಕೆಳಗೆ ಬಂಡೆ ಕೊರೆದು ಮಾಡಿದ ಚೌಕದ ಕೋಣೆ. ಹತ್ತಿರದಲ್ಲೇ ನೀರಿನ ತೊಟ್ಟಿಗಳು, ಅವೂ ಬಂಡೆಯಲ್ಲೇ ಕೊರೆದವು. ತಂಡದವರು ಕೊಟ್ಟ ಬಣ್ಣದ ಹಾಳೆಯಲ್ಲಿ 'ಪ್ರಾಚೀನ ಬೌದ್ಧ ಗುಹೆ' ಅಂತ ಅಚ್ಚಾಗಿತ್ತು. ತಪ್ಪು. ಗೋಡೆಯ ಬರಹ ಶುರುವಾಗುವುದೇ ಧರ್ಮ, ಇಂದ್ರ, ಸಂಕರ್ಷಣ, ವಾಸುದೇವ, ಚಂದ್ರ, ಸೂರ್ಯ, ಯಮ, ವರುಣ, ಕುಬೇರ ಇವರಿಗೆಲ್ಲ ನಮಸ್ಕಾರ ಹೇಳಿ. ಆಮೇಲೆ ಬರುವುದು ಅಶ್ವಮೇಧ, ರಾಜಸೂಯದಂಥ ಯಜ್ಞಗಳ ಪಟ್ಟಿ. ಬರೆಸಿದ್ದು ಸಾತವಾಹನರ ರಾಣಿ ನಾಗನಿಕೆಯ ಕಾಲದಲ್ಲಿ ಅನ್ನುತ್ತಾರೆ, ಕ್ರಿಸ್ತಪೂರ್ವ 1ನೇ ಶತಮಾನದ ಸುಮಾರು. ಹಣ ತೆಗೆದುಕೊಂಡು ದಾರಿ ತೋರಿಸುವವರು ಇಷ್ಟಾದರೂ ಸರಿ ಬರೆಯಬೇಕಲ್ಲವೇ?

ಹಿಂದಿನ ಗೋಡೆಯಲ್ಲಿ ರಾಜಮನೆತನದವರ ಎಂಟು ಮೂರ್ತಿಗಳಿದ್ದವಂತೆ. ಈಗ ಪಾದದ ಗುರುತು ಬಿಟ್ಟರೆ ಏನೂ ಇಲ್ಲ. ಆದರೆ ಮೇಲೆ ಹೆಸರುಗಳು ಉಳಿದಿವೆ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪ ಸಿಕ್ಕಿದ್ದು ಹೆಸರಿನ ಸಮೇತ. ಅಲ್ಲಿ ಹೆಸರೂ ಇದೆ, ಮನುಷ್ಯನೂ ಇದ್ದಾನೆ. ಇಲ್ಲಿ ಬರೀ ಹೆಸರಿನ ಫಲಕ, ಕೆಳಗಿನ ಕುರ್ಚಿ ಖಾಲಿ. ಒಂದು ಕಡೆ ಇಬ್ಬರಿಗೆ ಸೇರಿ ಒಂದೇ ಬರಹ: 'ದೇವಿ ನಾಯನಿಕಾಯ ರಞೋ ಚ ಸಿರಿ ಸಾತಕನಿನೊ'. ಅಂದರೆ ದೇವಿ ನಾಗನಿಕೆಯದು ಮತ್ತು ರಾಜ ಶ್ರೀ ಶಾತಕರ್ಣಿಯದು. ರಾಣಿಯ ಹೆಸರು ಮೊದಲು, ರಾಜನದು ಆಮೇಲೆ. ಮನೆಯವರಿಗೆ ಇದನ್ನು ಹೇಳಿದೆ. 'ಜಂಟಿ ಖಾತಿ' ಅಂದರು.

ಎಡ ಬಲ ಗೋಡೆಗಳಲ್ಲಿ ಹತ್ತು ಹತ್ತು ಸಾಲಿನ ಬ್ರಾಹ್ಮಿ ಬರಹ. ಎಷ್ಟೋ ಕಡೆ ಕಲ್ಲು ಕಿತ್ತು ಹೋಗಿದೆ. ಹಗಲಿನ ಬೆಳಕಿನಲ್ಲಿ ನನಗೆ ಮೊದಲು ಏನೂ ಕಾಣಲಿಲ್ಲ, ಬರೀ ಉರುಟು ಕಲ್ಲು. ಆಗ ಕಾಕಾ ನನ್ನ ಕೈಯಿಂದ ಟಾರ್ಚ್ ತಗೊಂಡು, ಗೋಡೆಗೆ ನೇರ ಹಿಡಿಯದೆ, ಗೋಡೆಯ ಮೈಗೆ ಒರಗಿಸಿದ ಹಾಗೆ ಅಡ್ಡ ಹಿಡಿದರು. ಅಬ್ಬಾ! ಪ್ರತಿ ಅಕ್ಷರದ ಗುಳಿಯಲ್ಲೂ ನೆರಳು ತುಂಬಿಕೊಂಡಿತು. ಇಡೀ ಸಾಲು ಇಂಕಿನಲ್ಲಿ ಬರೆದ ಹಾಗೆ ಎದ್ದು ಬಂತು.

ಮೇಷ್ಟ್ರು ನನಗೆ ಒಂದು ಹಾಳೆ ಬರೆದುಕೊಟ್ಟಿದ್ದರು. ಸಾಲಿನ ಪಾಠ, ಪಕ್ಕದಲ್ಲಿ ಅಂಕಿಗಳ ಗುರುತು. ಅದನ್ನು ಹಿಡಿದು ಬಲಗೋಡೆಯಲ್ಲಿ ಅಂಕಿ ಹುಡುಕಲು ಕೂತೆ. ಯಾವ ಯಜ್ಞಕ್ಕೆ ಎಷ್ಟು ದಕ್ಷಿಣೆ ಕೊಟ್ಟರು ಅನ್ನುವುದು ಅಲ್ಲಿದೆ. ಕಾಹಾಪನ ಅಂದರೆ ಕಾರ್ಷಾಪಣ, ಆ ಕಾಲದ ನಾಣ್ಯ. ಒಂದು ಕಡೆ 24,400 ಕಾಹಾಪನ. ಆಮೇಲೆ ಹಸುಗಳ ಲೆಕ್ಕ: 1,101. ಮತ್ತೊಂದು ಕಡೆ 1,001. ಇನ್ನೊಂದು ಕಡೆ 10,001.

ಆ ಕೊನೆಯ 'ಒಂದು' ನೋಡಿ ನನಗೆ ನಗು ತಡೆಯಲಾಗಲಿಲ್ಲ. ನಾವು ಮದುವೆಯಲ್ಲಿ ಮುಯ್ಯಿ ಮಾಡುವಾಗ 501, 1,001 ಅಂತ ಒಂದು ರೂಪಾಯಿ ಸೇರಿಸಿ ಕೊಡುವುದಿಲ್ಲವೇ? ಬ್ಯಾಂಕಿಗೆ ಬಂದು ಲಕೋಟೆಗೆ ಹಾಕಲು ಹೊಸ ಒಂದು ರೂಪಾಯಿ ನಾಣ್ಯ ಬೇಡಿದವರು ಎಷ್ಟು ಜನ! ಹಾಗೇ ಇದೆ ಇದು. (ಒಂದು ಕಡೆ 1,002 ಅಂತಲೂ ಇದೆ. ಅಲ್ಲಿ ನನ್ನ ವಾದ ಬಿದ್ದುಹೋಗುತ್ತದೆ. ಇರಲಿ.)

ಇನ್ನೂ ಒಂದು ಮಜಾ. ಆ ಲೆಕ್ಕದಲ್ಲಿ ಸೊನ್ನೆಯೇ ಇಲ್ಲ. ಸಾವಿರಕ್ಕೆ ಒಂದು ಗುರುತು, ನೂರಕ್ಕೆ ಒಂದು, ಹತ್ತಕ್ಕೆ ಒಂದು. 1,001 ಅಂದರೆ ಸಾವಿರದ ಗುರುತು, ಅದರ ಪಕ್ಕ ಒಂದು ಅಡ್ಡಗೀಟು. ಎರಡೇ ಅಕ್ಷರ, ಮುಗಿಯಿತು. ನಮ್ಮ ಹಾಗೆ ನಡುವೆ ಎರಡು ಸೊನ್ನೆ ಸುತ್ತಬೇಕಿಲ್ಲ. ಚೆಕ್ಕಿನಲ್ಲಿ ಸೊನ್ನೆ ಸೇರಿಸುವ ಕಳ್ಳರಿಗೆ ಆಗ ಕೆಲಸವಿರಲಿಲ್ಲ. ಈ ಬರಹವನ್ನು ಕರ್ನಲ್ ಸೈಕ್ಸ್ ಎಂಬ ಇಂಗ್ಲಿಷರವನು 1828ರಲ್ಲಿ ನೋಡಿ ದಾಖಲಿಸಿದ. ಇಲ್ಲಿನ ಗೀಟುಗಳು ಅಂಕಿಗಳು ಎಂದು ಆಮೇಲೆ ಬಿಡಿಸಿ ಹೇಳಿದವರು ಭಗವಾನ್‌ಲಾಲ್ ಇಂದ್ರಜಿ. ಭಾರತದ ಅಂಕಿಗಳ ಕಥೆ ಹೇಳುವವರೆಲ್ಲ ಈ ಗೋಡೆಯ ಮುಂದೆ ಒಮ್ಮೆ ನಿಲ್ಲಲೇಬೇಕು.

ಇಷ್ಟು ದೊಡ್ಡ ವಿಷಯಕ್ಕೆ ತಂಡದವರು ಇಟ್ಟಿದ್ದ ಸಮಯ ಇಪ್ಪತ್ತು ನಿಮಿಷ! ಅದರಲ್ಲಿ ಹತ್ತು ನಿಮಿಷ ಗುಂಪು ಫೋಟೊಗೆ. ನಾನು ಬಲಗೋಡೆಯ ಮೂರನೇ ಸಾಲಿನಲ್ಲಿದ್ದಾಗ ಸೀಟಿ ಊದಿದರು. ನಾನು ಏಳಲಿಲ್ಲ. ಮನೆಯವರು ಬಾಗಿಲಲ್ಲಿ ನಿಂತು, 'ಏನ್ರೀ, ಇನ್ನೂ ಮುಗೀಲಿಲ್ಲೇನು ನಿಮ್ಮ ಲೆಕ್ಕ? ಕ್ಲೋಸಿಂಗ್ ಟೈಮ್ ಆತು' ಅಂದರು. ಕಡೆಗೆ ಉಳಿದವರು ಮೇಲೆ ಊಟಕ್ಕೆ ಹೋಗಲಿ, ಇವರನ್ನು ನಾನು ಕರೆತರುತ್ತೇನೆ ಅಂತ ಕಾಕಾ ಹೇಳಿ ನನ್ನನ್ನು ಉಳಿಸಿದರು. ಇನ್ನೊಂದು ತಾಸು ಸಿಕ್ಕಿತು. ಈ ತಂಡಕ್ಕೆ ನಾನು ಕೊಡುವ ಅಂಕದಲ್ಲಿ ಅರ್ಧ ಕಾಕಾ ಅವರದು.

ಗುಹೆಯ ಸ್ಥಿತಿ ಬಗ್ಗೆ ಬರೆಯದಿದ್ದರೆ ತಪ್ಪಾಗುತ್ತದೆ. ಒಂದು ಮೂಲೆಯಲ್ಲಿ ಒಲೆ ಹೂಡಿದ ಕಲ್ಲು, ಬೂದಿ. ಮೇಲೆ ಹೊಗೆಯ ಕರಿ. ಅಕ್ಷರದ ಸಾಲಿಗೆ ಗೇಣು ದೂರದಲ್ಲಿ ಯಾರೋ ತಮ್ಮ ಹೆಸರು ಗೀಚಿ, ಹೃದಯ ಬಿಡಿಸಿ, ಬಾಣ ಹೊಡೆದಿದ್ದಾರೆ. ರಾತ್ರಿ ಗುಹೆಯಲ್ಲೇ ಮಲಗುವ ಟ್ರೆಕ್ಕಿಂಗ್ ಗುಂಪುಗಳೂ ಇವೆಯಂತೆ. ನಮ್ಮ ತಂಡ ಹಾಗೆ ಮಾಡುವುದಿಲ್ಲ. ಹಳ್ಳಿಗೆ ಕರೆದೊಯ್ಯುತ್ತದೆ. ಹೊರಡುವಾಗ ಎರಡು ಚೀಲ ಪ್ಲಾಸ್ಟಿಕ್ ಆರಿಸಿಯೂ ತಂದರು. ಅದಕ್ಕೆ ಮೆಚ್ಚುಗೆ.

ಆದರೆ ಅದೇ ಹೊತ್ತಿಗೆ ಬಂತು 'ಪಾರಂಪರಿಕ ಸಂರಕ್ಷಣಾ ಶುಲ್ಕ'. ತಲೆಗೆ 100 ರೂಪಾಯಿ, ನಗದು. ಬುಕ್ ಮಾಡುವಾಗ ಇದರ ಮಾತೇ ಇರಲಿಲ್ಲ. ನಾನು ರಸೀದಿ ಕೇಳಿದೆ. ಹುಡುಗ ನಕ್ಕ. ಯಾರ ಖಾತೆಗೆ ಹೋಗುತ್ತದೆ ಅಂತ ಕೇಳಿದೆ. 'ಸಂರಕ್ಷಣೆಗೆ ಸರ್' ಅಂದ. ಯಾವ ಸಂರಕ್ಷಣೆ, ಯಾರು ಮಾಡುತ್ತಾರೆ, ಹೋದ ವರ್ಷ ಎಷ್ಟು ಕೂಡಿತು? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ಹದಿನಾಲ್ಕು ಜನ, 1,400 ರೂಪಾಯಿ, ಅವನ ಪ್ಯಾಂಟಿನ ಜೇಬಿಗೆ. ಹತ್ತು ಹೆಜ್ಜೆ ಹಿಂದೆ ಒಬ್ಬ ರಾಣಿ ಕೊನೆಯ ಹಸುವಿನವರೆಗೆ ಲೆಕ್ಕವನ್ನು ಕಲ್ಲಿನಲ್ಲಿ ಕೊರೆಸಿಟ್ಟಿದ್ದಾಳೆ, ಇವರಿಗೆ ಒಂದು ಚೀಟಿ ಹರಿದು ಕೊಡಲು ಆಗಲಿಲ್ಲ.

ಗುಹೆಯಿಂದ ಮೇಲೆ ಹತ್ತಿದರೆ ಎರಡು ಬಂಡೆಗೋಡೆಗಳ ನಡುವಿನ ಇಕ್ಕಟ್ಟು ಓಣಿ. ಅದರಾಚೆ ತಟ್ಟನೆ ಬಯಲು. ಅಲ್ಲೇ ಇದೆ ಪ್ರಸಿದ್ಧ ಕಲ್ಲಿನ ಕೊಡ. ಮರಾಠಿಯಲ್ಲಿ ರಾಂಜಣ. ನಮ್ಮ ಕಡೆ ನೀರು ತುಂಬಿಡುವ ದೊಡ್ಡ ಮಣ್ಣಿನ ಹಂಡೆಗೆ ರಂಜಣಗಿ ಅನ್ನುವುದಿಲ್ಲವೇ, ಅದೇ ಮಾತು, ಅದೇ ಆಕಾರ. ದಾರಿ ದಾಟುವ ವ್ಯಾಪಾರಿಗಳು ಸುಂಕದ ನಾಣ್ಯಗಳನ್ನು ಇದರಲ್ಲಿ ಹಾಕುತ್ತಿದ್ದರು ಅಂತ ಎಲ್ಲರೂ ಹೇಳುತ್ತಾರೆ. ಬಣ್ಣದ ಹಾಳೆಯಲ್ಲಿ 'ಜಗತ್ತಿನ ಮೊದಲ ಟೋಲ್ ನಾಕಾ' ಅಂತ ದೊಡ್ಡ ಅಕ್ಷರ ಬೇರೆ.

ಕ್ಯಾಶಿಯರ್ ಆಗಿ ನನ್ನ ಅನುಮಾನ ಹೇಳುತ್ತೇನೆ. ಕೊಡದ ಮೇಲೆ ಏನೂ ಬರೆದಿಲ್ಲ. ಬಾಯಿ ತೆರೆದ ಕೊಡದಲ್ಲಿ ಹಣ ಹಾಕಿಸಿಕೊಂಡು ಸಂಜೆ ಅದರೊಳಗೆ ಬಗ್ಗಿ ತಳದಿಂದ ಎತ್ತಿ ಎಣಿಸುವ ಪದ್ಧತಿ ಯಾವ ಬುದ್ಧಿವಂತ ಸುಂಕದವನೂ ಇಡಲಾರ. ಹತ್ತಿ ಬಂದ ಮನುಷ್ಯರಿಗೆ ನೀರು ಇಟ್ಟಿರಬಹುದು ಅಂತ ನನಗೆ ಅನ್ನಿಸಿತು. ಕಾಕಾಗೆ ಹೇಳಿದೆ. ಅವರು ಸುಂಕದ ಕಥೆಯನ್ನೇ ನಂಬಿದವರು. ಆದರೂ ಬೇಸರ ಮಾಡಿಕೊಳ್ಳಲಿಲ್ಲ. 'ನೀರು ಕೊಟ್ಟು ಸುಂಕ ತಗೊಂಡಿರಬೇಕು' ಅಂದರು.

ಸುಂಕ ಇದ್ದದ್ದಂತೂ ಇರಬಹುದು. ದಾರಿ ಕಾಯಲು ಸುತ್ತ ಜೀವಧನ, ಚಾವಂಡ, ಹಡಸರ, ಶಿವನೇರಿ ಅಂತ ಕೋಟೆಗಳ ಸರಪಳಿಯೇ ಇದೆ. ದಾರಿಯ ಅದೃಷ್ಟ ಬಂದರಿನ ಕೈಯಲ್ಲಿತ್ತು ಅನ್ನುವುದು ಇನ್ನೊಂದು ಮಾತು. ಕ್ರಿಸ್ತಶಕ 1ನೇ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ಪೆರಿಪ್ಲಸ್‌ನಲ್ಲಿ ಕಲ್ಯಾಣದ ಮಾತು ಬರುತ್ತದೆ. ಮೊದಲು ನ್ಯಾಯವಾಗಿ ನಡೆಯುತ್ತಿದ್ದ ಪೇಟೆ, ಆಳುವವರು ಬದಲಾದ ಮೇಲೆ ಅಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲು ಹಾಕಿ ಗುಜರಾತಿನ ಬಂದರು ಭರೂಚ್‌ಗೆ ಕಳಿಸುತ್ತಿದ್ದರು ಅಂತ. ಹಡಗು ಭರೂಚ್‌ಗೆ ಹೋದರೆ ಈ ಘಾಟಿನಲ್ಲಿ ಎತ್ತು ಹತ್ತುವುದೇಕೆ?

ರಾತ್ರಿ ಘಾಟ್‌ಘರ್‌ನಲ್ಲಿ. ಪಿಠಲೆ, ಭಾಕರಿ, ಹಸಿಮೆಣಸಿನಕಾಯಿ ಠೇಚಾ, ಅನ್ನ. ನಮ್ಮ ಝುಣಕ, ರೊಟ್ಟಿಯ ಅಕ್ಕತಂಗಿ. ಒಲೆಯ ಪಕ್ಕದಲ್ಲೇ ಕೂರಿಸಿ ಬಿಸಿಬಿಸಿ ಬಡಿಸಿದರು. ಊಟಕ್ಕೆ ಐದಕ್ಕೆ ಐದು. ಹೊದೆಯಲು ಕೊಟ್ಟ ಕಂಬಳಿ ಸಾಲಲಿಲ್ಲ, ಡಿಸೆಂಬರ್ ಚಳಿ ಮೂಳೆಗೆ ಹತ್ತುತ್ತದೆ. ಶೌಚಾಲಯ ಒಂದೇ, ಹದಿನಾಲ್ಕು ಜನ. ನಸುಕಿನಲ್ಲೇ ಎದ್ದವರು ಗೆದ್ದರು.

ಎರಡನೇ ದಿನ ಜುನ್ನರ್. ಇದು ಈ ಪ್ಯಾಕೇಜಿನ ಸಪ್ಪೆ ಭಾಗ. ಶಿವಾಜಿ ಹುಟ್ಟಿದ ಶಿವನೇರಿ, ಅಷ್ಟವಿನಾಯಕದ ಲೇಣ್ಯಾದ್ರಿ, ಎರಡನ್ನೂ ಓಡಿಸಿಕೊಂಡು ತೋರಿಸಿದರು. ಜುನ್ನರ್ ಸುತ್ತಲಿನ ಗುಹೆಗಳ ಬರಹದಲ್ಲಿ ದವಸದ ವ್ಯಾಪಾರಿಗಳ ಸಂಘ ಕೊಟ್ಟ ಗುಹೆ ಇದೆ, ತೊಟ್ಟಿ ಇದೆ. ಯವನರು, ಅಂದರೆ ಗ್ರೀಕರಂಥ ವಿದೇಶಿಯರು, ಕೊಟ್ಟ ದಾನವಿದೆ. ಬಿದಿರು ಕೆಲಸದವರ, ಕಂಚುಗಾರರ ಸಂಘಗಳಲ್ಲಿ ಹಣ ಇಟ್ಟು ಬಡ್ಡಿಯಿಂದ ಧರ್ಮ ನಡೆಸಿದ ಲೆಕ್ಕವೂ ಇದೆ. ಅಂದರೆ ಫಿಕ್ಸೆಡ್ ಡೆಪಾಸಿಟ್! ಘಾಟಿನಲ್ಲಿ ಹತ್ತಿದ ಸರಕು ಯಾರ ಕೈಗೆ ಹೋಯಿತು ಅನ್ನುವುದಕ್ಕೆ ಉತ್ತರ ಇಲ್ಲಿದೆ. ತಂಡದವರು ಇದರ ಒಂದು ಅಕ್ಷರ ಹೇಳಲಿಲ್ಲ. ಕಾಕಾ ಅವರ ಕೆಲಸ ಮೊದಲ ದಿನಕ್ಕೇ ಮುಗಿದಿತ್ತು.

ಒಟ್ಟು ನನ್ನ ಅಂಕ ಐದಕ್ಕೆ ಮೂರೂವರೆ. ಮತ್ತೆ ಹೋಗುತ್ತೇನೆ, ಆದರೆ ಕಲ್ಯಾಣದಿಂದ ಸರ್ಕಾರಿ ಬಸ್ಸಿನಲ್ಲಿ ವೈಶಾಖರೆಗೆ ಹೋಗಿ, ಘಾಟ್‌ಘರ್‌ನವರನ್ನೇ ನೇರ ಗೊತ್ತು ಮಾಡಿಕೊಂಡು. ತಂಡದ ಜೊತೆಯೇ ಹೋಗುವುದಾದರೆ ಗುಹೆಗೆ ಎರಡು ತಾಸು ಬೇಕು ಅಂತ ಬುಕ್ ಮಾಡುವಾಗಲೇ ಬರೆಸಿಕೊಳ್ಳಿ. ಬೂಟು ಹಿಡಿತ ಇರುವಂಥದ್ದು ಬೇಕು, ಕೊನೆಯ ಕಲ್ಲುಗಳು ನುಣುಪು. ನೀರು ಎರಡು ಲೀಟರ್. ಗೋಡೆಗೆ ಕೈ ಹಚ್ಚಬೇಡಿ, ಸೀಮೆಸುಣ್ಣ ಉಜ್ಜಿ ಅಕ್ಷರ ಎಬ್ಬಿಸಲು ಹೋಗಬೇಡಿ. ಟಾರ್ಚ್ ಅಡ್ಡ ಹಿಡಿದರೆ ಸಾಕು. ನನ್ನದು ಬಲಗೋಡೆಯ ಏಳನೇ ಸಾಲಿಗೆ ಬರುವಷ್ಟರಲ್ಲಿ ಕೈಕೊಟ್ಟಿತು, ಇನ್ನೂ ಮೂರು ಸಾಲು ಬಾಕಿ ಇದೆ. ಹೆಚ್ಚಿನ ಸೆಲ್ ಇಟ್ಟುಕೊಳ್ಳಿ.